ಗೃಹಪಾಲಿತ ಸರೀಸೃಪಗಳ ಅಸ್ಥಿಮಾರ್ದವ ಮತ್ತು ಅದರ ನಿವಾರಣೆ

ಸಂಸ್ಕೃತದಲ್ಲಿ ಹಾವಿಗೆ ‘ಉರಗ’ ಎಂಬ ಹೆಸರುಂಟು. ಉರಸ್ಸಿನಿಂದ, ಎಂದರೆ ಎದೆಯಿಂದ, ಗಮಿಸುವುದಾದುದರಿಂದ ಅದು ಉರಗ. ‘ಸರೀಸೃಪ’ ಎಂಬ ಶಬ್ದವಾದರೋ ‘ಸೃಪ್’ ಧಾತುವಿನಿಂದ ಹುಟ್ಟಿ, ಎಡೆಬಿಡದೆ ತೆವಳುವುದು ಎಂಬ ಅರ್ಥವನ್ನು ಕೊಡುತ್ತದೆ. ಹಾವಿನ ಮಟ್ಟಿಗೆ ಈ ಎರಡು ಹೆಸರುಗಳೂ ಅನ್ವರ್ಥಕವಾಗಿವೆ. ಆದರೆ ಶಾಸ್ತ್ರಜ್ಞರು ಸರೀಸೃಪ ವರ್ಗದಲ್ಲಿ ಸೇರಿಸಿರುವ ಓತಿ, ಉಡ, ಗೋಸುಂಬೆ, ಆಮೆ ಮೊದಲಾದವು ನಡೆಯುವಾಗ ತಮ್ಮ ಒಡಲನ್ನು ನೆಲದಿಂದ ಮೇಲಕ್ಕೆತ್ತಿಯೇ ನಡೆಯುತ್ತವೆ. ಬೇಲಿಯ ಕಲ್ಲಿನ ಮೇಲೆ ಕುಳಿತ ಓತಿಕೇತವು ಮುಂಗಾಲುಗಳನ್ನೂರಿ ಎದೆಯನ್ನೆತ್ತಿ ಇಳಿಸುವುದನ್ನು ನೋಡದ ಬಾಲಕರು ನಮ್ಮ ಹಳ್ಳಿಗಳಲ್ಲಿ ಇರಲಾರರು. ಹೀಗೆ ಎದೆಯೆತ್ತಿ ನಡೆಯಬೇಕಾದ ಪ್ರಾಣಿಯು ಎತ್ತಲಾರದೆ, ನಾಲ್ಕು ಕಾಲುಗಳಿದ್ದೂ ಹೊಟ್ಟೆಯನ್ನೆಳೆದುಕೊಂಡು ಉರಗದಂತೆ ಸರಿದಾಡತೊಡಗಿದರೆ ಅದು ಸ್ವಭಾವವಲ್ಲ, ವ್ಯಾಧಿ. ಪಶುವೈದ್ಯರು ಇದನ್ನು ಪೋಷಣದೋಷದಿಂದ ಬರುವ ಅಸ್ಥಿರೋಗವೆಂದು ಕರೆಯುತ್ತಾರೆ. ಎಲುಬು ಮೃದುವಾಗುವುದೇ ಇದರ ಮುಖ್ಯ ಲಕ್ಷಣವಾದುದರಿಂದ ಅಸ್ಥಿಮಾರ್ದವ ಎಂಬ ಹೆಸರು ಇಲ್ಲಿ ಸಲ್ಲುತ್ತದೆ.

ಕಾಡಿನಲ್ಲಿ ಸ್ವೇಚ್ಛೆಯಾಗಿ ಬಾಳುವ ಸರೀಸೃಪಕ್ಕೆ ಈ ರೋಗ ತಗಲುವುದು ಅತಿ ವಿರಳ. ಇದು ಬಹುಮಟ್ಟಿಗೆ ಗಾಜಿನ ಪೆಟ್ಟಿಗೆಯ ರೋಗ, ಮನುಷ್ಯನ ಮನೆಯ ರೋಗ. ಇದರ ಅತ್ಯಂತ ವಿಷಾದಕರವಾದ ಉದಾಹರಣೆಯನ್ನು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಕಾಣಬಹುದು. ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗಿನ ಅರಣ್ಯಗಳಲ್ಲಿ ಹಸಿರು ಇಗ್ವಾನ ಎಂಬ ದೊಡ್ಡ ಓತಿಯ ಜಾತಿಯೊಂದು ವಾಸಿಸುತ್ತದೆ. ಮರಗಳ ಮೇಲೆ ಬಾಳುವ ಇದು ಎಲೆಗಳನ್ನೇ ತಿಂದು ಬದುಕುತ್ತದೆ. ಬಲಿತ ಗಂಡು ಬಾಲವೂ ಸೇರಿ ಒಂದೂವರೆ ಮೀಟರಿಗೂ ಹೆಚ್ಚು ಉದ್ದವಾಗುವುದುಂಟು. 1993ರಲ್ಲಿ ‘ಜುರಾಸಿಕ್ ಪಾರ್ಕ್’ ಎಂಬ ಚಲನಚಿತ್ರ ತೆರೆಕಂಡ ದಶಕದಲ್ಲಿ ಇದರ ಮರಿಗಳನ್ನು ಮನೆಯಲ್ಲಿ ಸಾಕುವ ಹವ್ಯಾಸವು ಆ ದೇಶದಲ್ಲಿ ಮಿತಿಮೀರಿ ಬೆಳೆಯಿತು. ಮಧ್ಯ ಅಮೆರಿಕದ ಸಾಕಣೆಕೇಂದ್ರಗಳಿಂದ ಲಕ್ಷಗಟ್ಟಲೆ ಮರಿಗಳು ಅಂಗಡಿಗಳಿಗೆ ಬಂದವು. ಗೇಣುದ್ದದ ಹಸಿರು ಮರಿಯನ್ನು ಅಲ್ಪಬೆಲೆಗೆ ಕೊಂಡ ಬಾಲಕನು ಅದನ್ನು ಗಾಜಿನ ತೊಟ್ಟಿಯಲ್ಲಿರಿಸಿ, ಲೆಟಿಸ್ ಎಂಬ ನೀರುಗೂಡಿದ ಸೊಪ್ಪನ್ನೂ ಬಾಳೆಯ ಹಣ್ಣಿನ ಚೂರುಗಳನ್ನೂ ಹಾಕಿದನು. ಕೆಲವರು ಬೆಕ್ಕುನಾಯಿಗಳಿಗೆಂದು ಮಾಡಿದ ಮಾಂಸಾಹಾರವನ್ನೂ ಹಾಕಿದರು. ಮರಿ ತಿಂದಿತು, ಬೆಳೆಯಿತು. ತೊಡೆಗಳು ದುಂಡಗಾದವು. ನಮ್ಮ ಓತಿ ಹೇಗೆ ಪುಷ್ಟವಾಗಿದೆ ನೋಡಿ ಎಂದು ಮನೆಯವರು ಹಿಗ್ಗಿದರು. ವಾಸ್ತವದಲ್ಲಿ ಅದು ಪುಷ್ಟಿಯಾಗಿರಲಿಲ್ಲ. ಸುಣ್ಣವನ್ನು ಕಳೆದುಕೊಂಡ ಎಲುಬನ್ನು ಹೇಗಾದರೂ ಎತ್ತಿ ನಿಲ್ಲಿಸಲೆಂದು ದೇಹವು ಅದರ ಸುತ್ತ ನಾರಿನ ಅಂಗಾಂಶವನ್ನು ಕಟ್ಟಿಕೊಂಡಿತ್ತು. ಆ ಬಾವೇ ತೊಡೆಯ ದುಂಡುತನ. ಸರಿಯಾಗಿ ಪಾಲಿಸಿದರೆ ಹದಿನೈದು ವರ್ಷಗಳಿಗೂ ಮೀರಿ ಬಾಳಬಲ್ಲ ಈ ಜೀವಿ ಅಂಥ ಮನೆಗಳಲ್ಲಿ ಒಂದೆರಡು ವರ್ಷಗಳೊಳಗೇ ನರಳಿ ಸಾಯುತ್ತಿತ್ತು.

ಇಲ್ಲಿ ಯಾರೂ ಕ್ರೂರಿಗಳಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಆ ಬಾಲಕನ ಪ್ರೀತಿ ನಿಜವಾದುದೇ ಆಗಿತ್ತು, ಕೊರತೆಯಿದ್ದುದು ತಿಳಿವಳಿಕೆಯಲ್ಲಿ. ನಾಯಿಯಾದರೆ ನೋವಿಗೆ ಕುಂಯ್‌ಗುಟ್ಟುತ್ತದೆ, ಹಸು ಕೂಗುತ್ತದೆ. ಸರೀಸೃಪಕ್ಕೆ ಅಂಥ ಭಾಷೆಯಿಲ್ಲ. ಅದು ಮೌನವಾಗಿಯೇ ಮುರಿಯುತ್ತದೆ.

ರೋಗದ ಮೂಲವನ್ನು ಅರಿಯಬೇಕಾದರೆ ಅಸ್ಥಿಯೆಂದರೇನೆಂಬುದನ್ನು ಮೊದಲು ತಿಳಿಯಬೇಕು. ಎಲುಬು ಶರೀರದ ಕಂಬವೆಂದಷ್ಟೇ ನಾವು ಭಾವಿಸುತ್ತೇವೆ. ಅದು ಸುಣ್ಣಾಂಶದ, ಎಂದರೆ ಕ್ಯಾಲ್ಸಿಯಂ ಎಂಬ ಧಾತುವಿನ, ಕಣಜವೂ ಹೌದು. ಸ್ನಾಯುಗಳು ಸಂಕೋಚಗೊಳ್ಳಲು, ನರಗಳು ಸಂದೇಶ ಒಯ್ಯಲು, ಹೃದಯವು ಬಡಿಯಲು ರಕ್ತದಲ್ಲಿ ಸುಣ್ಣಾಂಶವು ನಿರ್ದಿಷ್ಟ ಪ್ರಮಾಣದಲ್ಲಿ ಸದಾ ಇರಬೇಕು. ಆಹಾರದಿಂದ ಅದು ದೊರೆಯದೆ ಹೋದಾಗ ಕುತ್ತಿಗೆಯ ಭಾಗದಲ್ಲಿರುವ ಪ್ಯಾರಾಥೈರಾಯಿಡ್ ಗ್ರಂಥಿಗಳು ಒಂದು ರಸವನ್ನು ಸ್ರವಿಸಿ ಕಣಜದ ಬಾಗಿಲನ್ನು ತೆರೆಯುತ್ತವೆ. ಎಲುಬಿನಿಂದ ಸುಣ್ಣವು ಕರಗಿ ರಕ್ತಕ್ಕೆ ಬರುತ್ತದೆ. ಬರಗಾಲದಲ್ಲಿ ರೈತನು ಬಿತ್ತನೆಯ ಬೀಜವನ್ನೇ ಉಂಡಂತೆ ಇದು. ಒಂದೆರಡು ದಿನವಾದರೆ ಬಾಧಕವಿಲ್ಲ, ತಿಂಗಳುಗಟ್ಟಲೆ ನಡೆದರೆ ಕಣಜವೇ ಬರಿದಾಗುತ್ತದೆ. ಆದುದರಿಂದಲೇ ರೋಗವು ಬಹಳ ಮುಂದುವರಿಯುವವರೆಗೂ ರಕ್ತಪರೀಕ್ಷೆಯಲ್ಲಿ ಸುಣ್ಣಾಂಶದ ಪ್ರಮಾಣ ಸರಿಯಾಗಿಯೇ ಕಾಣಬಹುದು. ರಕ್ತವು ಸುಖವಾಗಿರುವುದು ಎಲುಬಿನ ವೆಚ್ಚದಿಂದ.

ಸುಣ್ಣಾಂಶದೊಡನೆ ರಂಜಕವನ್ನೂ, ಎಂದರೆ ಫಾಸ್ಫರಸ್ಸನ್ನೂ, ತೂಗಿ ನೋಡಬೇಕು. ಆಹಾರದಲ್ಲಿ ರಂಜಕದ ಒಂದು ಪಾಲಿಗೆ ಸುಣ್ಣಾಂಶವು ಕನಿಷ್ಠ ಒಂದು ಪಾಲು, ಉತ್ತಮಪಕ್ಷದಲ್ಲಿ ಎರಡು ಪಾಲು ಇರಬೇಕೆಂಬುದು ಪಶುವೈದ್ಯರ ಸಾಮಾನ್ಯ ನಿಯಮ. ರಂಜಕವು ಅಧಿಕವಾದರೆ ಕರುಳಿನಲ್ಲಿ ಸುಣ್ಣಾಂಶವನ್ನು ಹಿಡಿದಿಟ್ಟು ದೇಹಕ್ಕೆ ದಕ್ಕದಂತೆ ಮಾಡುತ್ತದೆ. ಮೇಲಾಗಿ ಮೇಲೆ ಹೇಳಿದ ಗ್ರಂಥಿಗಳನ್ನು ಕೆರಳಿಸುತ್ತದೆ. ಎಲುಬಿಲ್ಲದ ಮಾಂಸದಲ್ಲಿ ಈ ಪ್ರಮಾಣವು ಪೂರ್ಣವಾಗಿ ತಲೆಕೆಳಗಾಗಿರುತ್ತದೆ. ಹುಳುಭಕ್ಷಕಗಳಾದ ಓತಿಗಳಿಗೆ ಹಾಕುವ ಚಿಮ್ಮಂಡೆ ಮತ್ತು ಹಿಟ್ಟಿನ ಹುಳುಗಳಲ್ಲಿಯೂ ಅಷ್ಟೇ. ಚಿಮ್ಮಂಡೆಯ ಮೈಮೇಲೆ ಗಟ್ಟಿಯಾದ ಕವಚವಿದೆಯಲ್ಲ, ಅದು ಸುಣ್ಣವಲ್ಲವೇ ಎಂದು ಕೆಲವರು ಕೇಳಬಹುದು. ಅಲ್ಲ, ಕೀಟದ ಕವಚವು ಕೈಟಿನ್ ಎಂಬ ಬೇರೊಂದು ಪದಾರ್ಥದಿಂದಾದುದು. ಎಲುಬಿಲ್ಲದ ಕೀಟವನ್ನು ತಿಂದು ಎಲುಬುಳ್ಳ ಪ್ರಾಣಿ ಬೆಳೆಯಬೇಕಾದಾಗ ಸುಣ್ಣವನ್ನು ಹೊರಗಿನಿಂದಲೇ ಕೂಡಿಸಬೇಕು. ಇಲ್ಲೊಂದು ಸ್ವಾರಸ್ಯವುಂಟು. ನಿಜವಾದ ಉರಗಕ್ಕೆ, ಎಂದರೆ ಇಲಿಯನ್ನು ಇಡಿಯಾಗಿ ನುಂಗುವ ಹಾವಿಗೆ, ಈ ರೋಗ ಬರುವುದು ಅಪರೂಪ. ಇಲಿಯ ಎಲುಬುಗಳೂ ಅದರ ಹೊಟ್ಟೆಗೆ ಸೇರುವುದರಿಂದ ಸುಣ್ಣದ ಲೆಕ್ಕ ತಾನಾಗಿಯೇ ಸರಿಹೋಗುತ್ತದೆ.

ಲಂಡನ್ ನಗರದ ಮೃಗಾಲಯದ ಸಿಂಹದ ಮರಿಗಳ ವೃತ್ತಾಂತವು ಈ ಮಾತನ್ನು ಪುಷ್ಟೀಕರಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿಯ ಸಿಂಹದ ಮರಿಗಳು ತಾಯಿಯ ಹಾಲು ಬಿಟ್ಟೊಡನೆ ಕಾಲು ಸೊಟ್ಟಗಾಗಿ ಸಾಯುತ್ತಿದ್ದವು. ಅವುಗಳಿಗೆ ಕೊಡುತ್ತಿದ್ದುದು ಕೊಬ್ಬೂ ಎಲುಬೂ ಇಲ್ಲದ ಕುದುರೆಯ ಮಾಂಸ. ಜಾನ್ ಬ್ಲ್ಯಾಂಡ್-ಸಟ್ಟನ್ ಎಂಬ ಶಸ್ತ್ರವೈದ್ಯನು ಕುಟ್ಟಿದ ಎಲುಬನ್ನೂ ಹಾಲನ್ನೂ ಕಾಡ್ ಎಂಬ ಮೀನಿನ ಯಕೃತ್ತಿನ ಎಣ್ಣೆಯನ್ನೂ ಕೊಡುವಂತೆ ಸೂಚಿಸಿದನು. ಮರಿಗಳು ಚೇತರಿಸಿಕೊಂಡವು. 1889ರ ಸುಮಾರಿನ ಮಾತು ಇದು. ಜೀವಸತ್ವವೆಂಬ ಕಲ್ಪನೆಯೇ ಆಗ ಹುಟ್ಟಿರಲಿಲ್ಲ. ಆ ಎಣ್ಣೆಯಲ್ಲಿದ್ದ ಗುಣಕ್ಕೆ ‘ಡಿ’ ಜೀವಸತ್ವವೆಂಬ ಹೆಸರು ಬಂದುದು 1922ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1919ರಲ್ಲಿ, ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿಯು ರಿಕೆಟ್ಸ್ ಎಂಬ ಎಲುಬಿನ ರೋಗದಿಂದ ನರಳುತ್ತಿದ್ದ ಮಕ್ಕಳನ್ನು ಪಾದರಸದ ದೀಪದ ಅತಿನೇರಳೆ ಕಿರಣಗಳಿಗೆ ಒಡ್ಡಿ ಗುಣಪಡಿಸಿದನು. ಮಗುವಿನ ಒಂದು ತೋಳಿಗೆ ಮಾತ್ರ ಕಿರಣವನ್ನು ಹಾಯಿಸಿದರೂ ಎರಡು ತೋಳುಗಳ ಎಲುಬುಗಳೂ ಬಲಿತುದನ್ನು ಅವನು ಕಂಡನು. ಬೆಳಕು ಬಿದ್ದ ಚರ್ಮದಲ್ಲಿ ಏನೋ ಒಂದು ದ್ರವ್ಯ ಹುಟ್ಟಿ ರಕ್ತದೊಡನೆ ಶರೀರವೆಲ್ಲ ಹರಿಯುತ್ತದೆಂಬುದು ಇದರಿಂದ ಸಿದ್ಧವಾಯಿತು.

ಮಕ್ಕಳ ವಿಷಯದಲ್ಲಿ ನಿಜವಾದುದು ಓತಿ, ಆಮೆಗಳ ವಿಷಯದಲ್ಲಿಯೂ ನಿಜ. ಚರ್ಮದಲ್ಲಿರುವ ಕೊಬ್ಬಿನ ಜಾತಿಯ ಒಂದು ಪದಾರ್ಥದ ಮೇಲೆ ಸೂರ್ಯನ ಅತಿನೇರಳೆ ‘ಬಿ’ ಕಿರಣಗಳು ಬಿದ್ದಾಗ ಅದು ರೂಪಾಂತರ ಹೊಂದಿ, ಬಳಿಕ ಮೈಯ ಕಾವಿನಿಂದ ಡಿ3 ಜೀವಸತ್ವವಾಗುತ್ತದೆ. ಯಕೃತ್ತಿನಲ್ಲಿ ಒಂದು ಸಂಸ್ಕಾರವನ್ನೂ ಮೂತ್ರಪಿಂಡದಲ್ಲಿ ಇನ್ನೊಂದು ಸಂಸ್ಕಾರವನ್ನೂ ಪಡೆದು ಅದು ಕರುಳು ಸುಣ್ಣಾಂಶವನ್ನು ಹೀರಿಕೊಳ್ಳುವಂತೆ ಮಾಡುತ್ತದೆ. ಬೆಳಕಿಲ್ಲದ ಪ್ರಾಣಿಗೆ ಎಷ್ಟು ಸುಣ್ಣ ತಿನ್ನಿಸಿದರೂ ಅದರಲ್ಲಿ ಬಹುಪಾಲು ಮಲದೊಡನೆ ಹೊರಟುಹೋಗುತ್ತದೆ. ಹಾಗಾದರೆ ಬೆಳಕೂ ಒಂದು ಆಹಾರವೇ ಎನ್ನಬೇಕಾಗುತ್ತದೆ. ತಟ್ಟೆಯಲ್ಲಿ ಬಡಿಸಲಾಗದ ಆಹಾರ. ಸಾಕುವವರು ತಪ್ಪುವುದು ಬಹುತೇಕ ಇಲ್ಲಿಯೇ. ತಟ್ಟೆ ಖಾಲಿಯಾದರೆ ಕಣ್ಣಿಗೆ ಕಾಣುತ್ತದೆ, ಬೆಳಕಿನಲ್ಲಿ ಅತಿನೇರಳೆ ಕಿರಣವಿಲ್ಲವೆಂಬುದು ಕಾಣುವುದಿಲ್ಲ. ಏಕೆಂದರೆ ಆ ಕಿರಣವೇ ಮನುಷ್ಯನ ಕಣ್ಣಿಗೆ ಗೋಚರವಲ್ಲ.

ಮೂರನೆಯದು ಉಷ್ಣ. ಸರೀಸೃಪಗಳು ತಮ್ಮ ಮೈಕಾವನ್ನು ತಾವೇ ಹುಟ್ಟಿಸಿಕೊಳ್ಳಲಾರವು. ಬಿಸಿಲನ್ನೂ ನೆರಳನ್ನೂ ಅರಸಿ ಅದನ್ನು ಹೊಂದಿಸಿಕೊಳ್ಳುತ್ತವೆ. ಮೈ ತಣ್ಣಗಿದ್ದರೆ ತಿಂದುದು ಅರಗುವುದಿಲ್ಲ, ಚರ್ಮದಲ್ಲಿ ಜೀವಸತ್ವದ ನಿರ್ಮಾಣವೂ ಮಂದವಾಗುತ್ತದೆ. ಸುಣ್ಣ, ಬೆಳಕು, ಕಾವು ಈ ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ನಿಷ್ಫಲ.

ಇದರಲ್ಲಿ ಪ್ರಾಣಿಯ ಸಹಜಪ್ರಜ್ಞೆಯು ಮನುಷ್ಯನ ಶಾಸ್ತ್ರಕ್ಕಿಂತ ಮುಂದಿದೆಯೆಂಬುದಕ್ಕೆ ಗೋಸುಂಬೆಯೇ ಸಾಕ್ಷಿ. ಮಡಗಾಸ್ಕರ್ ದ್ವೀಪದ ಒಂದು ಬಣ್ಣದ ಗೋಸುಂಬೆಯನ್ನು ಕುರಿತು ಅಮೆರಿಕದ ಟೆಕ್ಸಸ್ ಪ್ರಾಂತದಲ್ಲಿ ಗ್ಯಾರಿ ಫರ್ಗ್ಯುಸನ್ ಮತ್ತು ಸಹೋದ್ಯೋಗಿಗಳು ನಡೆಸಿದ ಪ್ರಯೋಗಗಳಲ್ಲಿ, ಆಹಾರದಲ್ಲಿ ಡಿ3 ಕಡಮೆಯಾದ ಗೋಸುಂಬೆಗಳು ಅತಿನೇರಳೆ ಬೆಳಕಿಗೆ ಹೆಚ್ಚಾಗಿ ಮೈಯೊಡ್ಡಿದವು; ಸಾಕಷ್ಟು ದೊರೆತವು ಕಡಮೆ ಒಡ್ಡಿದವು. ತನಗೆಷ್ಟು ಬೇಕೆಂಬುದನ್ನು ಬಲ್ಲ ಜೀವಿಗೆ ಬೇಕಾದುದು ಆಯ್ಕೆಯ ಅವಕಾಶ ಮಾತ್ರ. ಗಾಜಿನ ಪೆಟ್ಟಿಗೆಯು ಕಸಿದುಕೊಳ್ಳುವುದು ಇದನ್ನೇ. ಇಂಡೋನೇಷ್ಯದ ಕೊಮೋಡೊ ಎಂಬ ಮಹಾ ಉಡವನ್ನು ಕುರಿತು 2000ದಲ್ಲಿ ಪ್ರಕಟವಾದ ಅಧ್ಯಯನವೂ ಉಲ್ಲೇಖಾರ್ಹ. ಕಾಡಿನ ಉಡಗಳ ರಕ್ತದಲ್ಲಿ ಡಿ ಜೀವಸತ್ವ ಸಮೃದ್ಧವಾಗಿತ್ತು. ಮೃಗಾಲಯಗಳ ಒಳಮನೆಗಳಲ್ಲಿ, ಅತಿನೇರಳೆ ಬೆಳಕಿಲ್ಲದೆ ಬೆಳೆದವುಗಳಲ್ಲಿ ಅದು ಬಹಳ ಕಡಮೆಯಾಗಿತ್ತು. ತಕ್ಕ ದೀಪವನ್ನೋ ಕಿರಣವನ್ನು ತಡೆಯದ ಛಾವಣಿಯನ್ನೋ ಒದಗಿಸಿದಾಗ ಪ್ರಮಾಣ ಏರಿತು.

ಇನ್ನು ನಿವಾರಣೋಪಾಯ. ‘ಸುಣ್ಣ’ವು ‘ಚೂರ್ಣ’ದ ತದ್ಭವವೆಂದು ವ್ಯಾಕರಣ ಓದಿದವರೆಲ್ಲ ಬಲ್ಲರು. ಸರೀಸೃಪಗಳ ಪಾಲನೆಯಲ್ಲಿ ಸುಣ್ಣವು ಪುನಃ ಚೂರ್ಣವೇ ಆಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟಿನ ನುಣ್ಣನೆಯ ಪುಡಿಯನ್ನು ಹುಳುಗಳ ಮೇಲೆ ತೆಳ್ಳಗೆ ಲೇಪಿಸಿ ಒಡನೆಯೇ ತಿನ್ನಿಸಬೇಕು. ತಡವಾದರೆ ಚಿಮ್ಮಂಡೆಯು ತನ್ನ ಮೈಯನ್ನು ತಾನೇ ಒರೆಸಿಕೊಂಡು ಶುಚಿಯಾಗುತ್ತದೆ, ಪುಡಿಯೆಲ್ಲ ವ್ಯರ್ಥ. ತಿನ್ನಿಸುವ ಮುನ್ನ ಒಂದೆರಡು ದಿನ ಆ ಹುಳುಗಳಿಗೇ ಸುಣ್ಣಾಂಶಯುಕ್ತ ಮೇವನ್ನು ಹಾಕುವುದೂ ವಿಹಿತ. ಆಯುರ್ವೇದದವರು ‘ಸಮುದ್ರಫೇನ’ವೆಂದು ಕರೆಯುವ, ಹೆಸರಿನಲ್ಲಿ ನೊರೆಯಾದರೂ ನಿಜದಲ್ಲಿ ಒಂದು ಕಡಲಜೀವಿಯ ಒಳಚಿಪ್ಪಾದ ವಸ್ತುವೂ ಸುಣ್ಣದ ಉತ್ತಮ ಆಕರ, ಆಮೆಗಳು ಅದನ್ನು ತಾವಾಗಿಯೇ ಕಚ್ಚಿ ತಿನ್ನುತ್ತವೆ. ಆದರೆ ಎಚ್ಚರ! ನಮ್ಮ ಎಲೆ ಅಡಿಕೆಯ ತಟ್ಟೆಯಲ್ಲಿರುವ ಸುಣ್ಣವು ಇದಲ್ಲ. ಅದು ಸುಟ್ಟು ನೀರೆರೆದ ಸುಣ್ಣ, ತೀಕ್ಷ್ಣವಾದ ಕ್ಷಾರ. ಅದನ್ನು ಯಾವ ಪ್ರಾಣಿಯ ಬಾಯಿಗೂ ಸೋಕಿಸಲಾಗದು.

ಎಲೆ ತಿನ್ನುವ ಜೀವಿಗಳಿಗೆ ಸೊಪ್ಪಿನ ಆಯ್ಕೆಯೇ ಪ್ರಧಾನ. ಸಾಸಿವೆಯ ಸೊಪ್ಪು, ಟರ್ನಿಪ್ ಗಡ್ಡೆಯ ಸೊಪ್ಪು, ಹಿಪ್ಪುನೇರಳೆಯ ಎಲೆ, ದಾಸವಾಳದ ಎಲೆ ಮತ್ತು ಹೂ ಇವು ಇಗ್ವಾನಕ್ಕೆ ಹಿತವಾದವು. ಪಾಲಕ್, ಬಸಳೆ, ದಂಟು ಮುಂತಾದವುಗಳಲ್ಲಿ ಆಕ್ಸಲೇಟ್ ಎಂಬ ಲವಣವು ಸುಣ್ಣಾಂಶವನ್ನು ಬಿಗಿಹಿಡಿಯುವುದರಿಂದ ಅವು ನಿತ್ಯದ ಆಹಾರವಾಗಬಾರದು. ಸೌತೆಕಾಯಿ, ಟೊಮ್ಯಾಟೊ, ಬಾಳೆಯ ಹಣ್ಣುಗಳು ರುಚಿಗಷ್ಟೇ. ಡಿ3 ಬೆರೆಸಿದ ಪುಡಿಗಳೂ ಅಂಗಡಿಗಳಲ್ಲಿ ದೊರೆಯುತ್ತವೆ. ಅವನ್ನು ಕಣ್ಣಂದಾಜಿನಿಂದ ಸುರಿಯುವುದು ಅಪಾಯಕರ. ಬಾಯಿಯಿಂದ ಹೋದ ಡಿ3 ಮಿತಿಮೀರಿದರೆ ಸುಣ್ಣವು ಎಲುಬನ್ನು ಬಿಟ್ಟು ಮೂತ್ರಪಿಂಡ, ರಕ್ತನಾಳಗಳಲ್ಲಿ ಗಟ್ಟಿಗಟ್ಟುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಬಿಸಿಲಿನಿಂದ ಈ ಭಯವಿಲ್ಲ. ಚರ್ಮದಲ್ಲಿ ಅಗತ್ಯಕ್ಕಿಂತ ಹೆಚ್ಚಾದ ಪೂರ್ವದ್ರವ್ಯವನ್ನು ಅದೇ ಬೆಳಕು ನಿರುಪದ್ರವವಾದ ಬೇರೆ ಪದಾರ್ಥಗಳನ್ನಾಗಿ ಮಾರ್ಪಡಿಸಿಬಿಡುತ್ತದೆ.

ಬೆಳಕಿನ ವಿಷಯದಲ್ಲಿ ಸ್ವಲ್ಪ ವಿಸ್ತರಿಸುವುದು ಅವಶ್ಯ. ಕಿಟಕಿಯ ಬಳಿ ತೊಟ್ಟಿಯನ್ನಿಟ್ಟರೆ ಬಿಸಿಲು ಬೀಳುತ್ತದಲ್ಲ ಎಂಬುದು ಸಾಮಾನ್ಯರ ಸಮಾಧಾನ. ಸಾಧಾರಣ ಗಾಜು ಅತಿನೇರಳೆ ‘ಬಿ’ ಕಿರಣವನ್ನು ಹೆಚ್ಚುಕಡಮೆ ಪೂರ್ಣವಾಗಿ ತಡೆಯುತ್ತದೆ. ಒಳಗೆ ಬರುವುದು ಬೆಳಕು ಮತ್ತು ಕಾವು ಮಾತ್ರ. ಆ ಕಾವೂ ಮುಚ್ಚಿದ ಗಾಜಿನ ತೊಟ್ಟಿಯಲ್ಲಿ ಕೆಲವೇ ನಿಮಿಷಗಳಲ್ಲಿ ಪ್ರಾಣಹಾರಿಯಾಗಬಲ್ಲದು. ಗಾಜಿಲ್ಲದ ಜಾಲರಿಯ ಗೂಡಿನಲ್ಲಿ, ಅರ್ಧ ನೆರಳು ಕಲ್ಪಿಸಿ, ಮೇಲೆ ಒಬ್ಬರ ಕಣ್ಣಿಟ್ಟು ಬಿಸಿಲಿಗೆ ಒಯ್ಯುವುದು ಶ್ರೇಷ್ಠ. ಕರ್ನಾಟಕದ ಅಕ್ಷಾಂಶದಲ್ಲಿ ವರ್ಷವಿಡೀ ಇಂಥ ಬಿಸಿಲು ಲಭ್ಯ. ಉತ್ತರದ ದೇಶಗಳ ಮಾತು ಬೇರೆ. ಅಮೆರಿಕದ ಬಾಸ್ಟನ್ ನಗರದಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ, ನಿರಭ್ರವಾದ ಆಕಾಶವಿದ್ದರೂ, ಬಿಸಿಲಿನಿಂದ ಚರ್ಮದಲ್ಲಿ ಡಿ ಜೀವಸತ್ವ ಉತ್ಪನ್ನವಾಗುವುದಿಲ್ಲವೆಂದು 1988ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಅಂಥ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಮಕ್ಕಳು ಓತಿಯನ್ನು ಸಾಕಿದ್ದರೆ ದೀಪವೇ ಗತಿ.

ದೀಪವೆಂದೊಡನೆ ಯಾವುದೋ ಒಂದು ದೀಪವಲ್ಲ. ಕಾವು ಕೊಡುವ ಬುರುಡೆ ದೀಪದಲ್ಲಿ ಈ ಕಿರಣವಿಲ್ಲ. ಸರೀಸೃಪಗಳಿಗೆಂದೇ ತಯಾರಾದ ಅತಿನೇರಳೆ ‘ಬಿ’ ಕೊಳವೆದೀಪವನ್ನು ಕಾವಿನ ದೀಪದ ಪಕ್ಕದಲ್ಲಿ, ಪ್ರಾಣಿಯ ನೆತ್ತಿಯ ಮೇಲ್ಗಡೆ ಅಳವಡಿಸಬೇಕು. ಪಕ್ಕದಿಂದ ಹಾಯಿಸಿದರೆ ಕಣ್ಣಿಗೆ ಹಾನಿ. ನಡುವೆ ಗಾಜು ಸಲ್ಲದು. ಸಣ್ಣ ಕಣ್ಣಿನ ಜಾಲರಿಯೂ ಕಿರಣದ ಗಣನೀಯ ಭಾಗವನ್ನು ತಡೆಯುತ್ತದೆ. ದೂರ ಹೆಚ್ಚಿದಂತೆ ಬಲ ತಗ್ಗುತ್ತದೆ. ಎಲ್ಲಕ್ಕಿಂತ ಮೋಸದ ಸಂಗತಿಯೆಂದರೆ, ದೀಪವು ಕಣ್ಣಿಗೆ ಪ್ರಕಾಶಮಾನವಾಗಿ ಉರಿಯುತ್ತಿರುವಾಗಲೇ ಅದರ ಅತಿನೇರಳೆ ಕಿರಣವು ಕ್ಷೀಣಿಸಿರುತ್ತದೆ. ಆದುದರಿಂದ ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ 6ರಿಂದ 12 ತಿಂಗಳಿಗೊಮ್ಮೆ, ಅದನ್ನು ಬದಲಾಯಿಸಬೇಕು, ಇಲ್ಲವೆ ಮಾಪಕದಿಂದ ಅಳೆಯಬೇಕು. ಯಾವ ಪ್ರಾಣಿಗೆ ಎಷ್ಟು ಬೆಳಕೆಂಬುದಕ್ಕೂ ಆಧಾರವುಂಟು. ಮೇಲೆ ಹೆಸರಿಸಿದ ಫರ್ಗ್ಯುಸನ್ ಮತ್ತು ಸಂಗಡಿಗರು 2010ರಲ್ಲಿ, ಕಾಡಿನಲ್ಲಿ ಓತಿ ಹಾವುಗಳು ತಾವಾಗಿಯೇ ಒಡ್ಡಿಕೊಳ್ಳುವ ಕಿರಣವನ್ನು ಅಳೆದು, ನೆರಳಿನಲ್ಲಿ ಅಡಗುವವುಗಳಿಂದ ಮೊದಲ್ಗೊಂಡು ನಡುಬಿಸಿಲಿನಲ್ಲಿ ಮೈಕಾಯಿಸುವವುಗಳವರೆಗೆ ನಾಲ್ಕು ವರ್ಗಗಳನ್ನು ಮಾಡಿದರು. ಎಲ್ಲ ವರ್ಗದವಕ್ಕೂ ಅಡಗಲು ನೆರಳು ಬೇಕೇ ಬೇಕು.

ನಮ್ಮ ನಾಡಿನ ಮಟ್ಟಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ರಕ್ಷಣೆ ಪಡೆದಿರುವ ಉಡ, ಗೋಸುಂಬೆ, ನಕ್ಷತ್ರ ಆಮೆ ಮುಂತಾದ ಸ್ಥಳೀಯ ಸರೀಸೃಪಗಳನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಆಮೆ ಮನೆಗೆ ಶುಭವೆಂಬ ಮೂಢನಂಬಿಕೆಯಿಂದ ನಕ್ಷತ್ರ ಆಮೆಯನ್ನು ಕದ್ದು ಸಾಕುವವರಿದ್ದಾರೆ. ಈ ಆಮೆಯ ಕಳ್ಳಸಾಗಣೆಯು ಎಷ್ಟು ವ್ಯಾಪಕವೆಂದರೆ 2019ರಲ್ಲಿ ಅದನ್ನು ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಡಂಬಡಿಕೆಯ ಮೊದಲನೆಯ ಅನುಬಂಧಕ್ಕೆ ಸೇರಿಸಬೇಕಾಯಿತು. ಆದುದರಿಂದ ಇಲ್ಲಿ ಪಾಲನಕ್ರಮದ ಪ್ರಶ್ನೆಯೇ ಏಳದು. ಅರಣ್ಯ ಇಲಾಖೆಗೆ ಒಪ್ಪಿಸುವುದೊಂದೇ ಮಾರ್ಗ. ನಮ್ಮ ನಗರಗಳ ಮೀನಿನ ಅಂಗಡಿಗಳಲ್ಲಿ ಕಾಣಸಿಗುವುದು ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆಯ ಕೆಂಪುಕಿವಿಯ ನೀರಾಮೆ. ರೂಪಾಯಿಯ ನಾಣ್ಯಕ್ಕಿಂತ ತುಸು ದೊಡ್ಡದಾದ ಈ ಮರಿಯನ್ನು ಪ್ಲಾಸ್ಟಿಕ್ ಬೋಗುಣಿಯಲ್ಲಿರಿಸಿ, ಒಣಗಿದ ಸೀಗಡಿಯನ್ನಷ್ಟೇ ಉದುರಿಸುತ್ತ ಬಂದರೆ ಅದರ ಚಿಪ್ಪು ಬೆರಳಿಗೆ ಬಾಗುವಷ್ಟು ಮೆತ್ತಗಾಗುತ್ತದೆ. ಇದಕ್ಕೆ ನೀರಿನಿಂದೇರಿ ಕುಳಿತು ಪೂರ್ಣವಾಗಿ ಒಣಗಬಲ್ಲ ಒಂದು ಕಲ್ಲು, ಅದರ ಮೇಲೆ ನೇರವಾದ ಬಿಸಿಲು ಅಥವಾ ದೀಪ, ಸಮತೋಲವಾದ ಆಹಾರ ಇವು ಬೇಕು. ಸಾಕಲಾಗದೆಂದು ಕೆರೆಗೆ ಬಿಡುವುದು ಇನ್ನೊಂದು ಅನರ್ಥ, ಏಕೆಂದರೆ ಅದು ಸ್ಥಳೀಯ ಆಮೆಗಳ ಅನ್ನಕ್ಕೂ ನೆಲೆಗೂ ಪ್ರತಿಸ್ಪರ್ಧಿಯಾಗುತ್ತದೆ.

ನೆಲದ ಆಮೆಗಳ ಬೆನ್ನಿನ ಮೇಲೆ ಗೋಪುರಗಳಂತೆ ಎದ್ದ ಉಬ್ಬುಗಳನ್ನು ಕಂಡು ಇದೇ ರೋಗವೆಂದು ಭ್ರಮಿಸುವುದುಂಟು. ಆಫ್ರಿಕದ ಒಂದು ಆಮೆಯ ಮರಿಗಳ ಮೇಲೆ ನಡೆದ, 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಉಬ್ಬುಗಳಿಗೆ ಗಾಳಿಯ ಶುಷ್ಕತೆಯೇ ಪ್ರಮುಖ ಕಾರಣವೆಂದು ಕಂಡುಬಂದಿತು. ನಕ್ಷತ್ರ ಆಮೆಗೆ ಸ್ವಲ್ಪ ಉಬ್ಬು ಸಹಜವೇ.

ರೋಗದ ಮೊದಲ ಸೂಚನೆಗಳು ಬಹು ಸೂಕ್ಷ್ಮ. ಪ್ರಾಣಿ ಮಂಕಾಗುತ್ತದೆ, ಏರುತ್ತಿದ್ದ ಕೊಂಬೆಯನ್ನು ಏರುವುದಿಲ್ಲ, ಬೆರಳುಗಳಲ್ಲಿ ಅದುರು ಕಾಣುತ್ತದೆ. ಬಳಿಕ ಕೆಳದವಡೆ ರಬ್ಬರಿನಂತೆ ಬಾಗುತ್ತದೆ, ಬಾಯಿ ಸರಿಯಾಗಿ ಮುಚ್ಚದು. ಕಾಲುಗಳು ಬಾತು ಸೊಟ್ಟಗಾಗುತ್ತವೆ, ಬೆನ್ನು ಬಾಲಗಳು ಡೊಂಕಾಗುತ್ತವೆ. ಕೊನೆಗೆ ಸೆಳವು. ಬೆಳೆಯುವ ಮರಿಗಳೂ ಮೊಟ್ಟೆ ಹೊತ್ತ ಹೆಣ್ಣುಗಳೂ ಬೇಗನೆ ತುತ್ತಾಗುತ್ತವೆ. ಮೊದಲ ಸೂಚನೆ ಕಂಡೊಡನೆ, ಕೈಯಲ್ಲಿ ಆಡಿಸದೆ, ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿಗೆ ಒಯ್ಯಬೇಕು. ಎತ್ತುವ ಅವಸರದಲ್ಲಿಯೇ ಎಲುಬು ಮುರಿಯಬಹುದು. ಆದುದರಿಂದ ಮೆತ್ತನೆಯ ಬಟ್ಟೆ ಹಾಸಿದ ತಗ್ಗು ಪೆಟ್ಟಿಗೆಯೇ ಲೇಸು. ವೈದ್ಯರು ಕ್ಷ-ಕಿರಣ ಚಿತ್ರವನ್ನು ತೆಗೆದು, ಸುಣ್ಣಾಂಶದ ಔಷಧವನ್ನು ತೂಕಕ್ಕೆ ತಕ್ಕಂತೆ ನಿರ್ಣಯಿಸುತ್ತಾರೆ. ಚಿಕಿತ್ಸೆ ತಿಂಗಳುಗಟ್ಟಲೆ ಸಾಗುತ್ತದೆ. ಎಲುಬು ಪುನಃ ಬಲಿಯುವುದೇನೋ ಉಂಟು, ಆದರೆ ಬಾಗಿದ ಬೆನ್ನು ಬಾಗಿದಂತೆಯೇ ಗಟ್ಟಿಯಾಗುತ್ತದೆ. ಅಂಥ ಓತಿಯು ಮುಂದೆಯೂ ಹಲವು ವರ್ಷ ಬದುಕಬಹುದಾದುದರಿಂದ ಅದರ ಗೂಡಿನಲ್ಲಿ ಎತ್ತರದ ಕೊಂಬೆಗಳನ್ನು ತೆಗೆದು, ದೀಪದ ಕೆಳಗೆ ತಕ್ಕ ಅಂತರದಲ್ಲಿ, ಸುಲಭವಾಗಿ ಏರಬಹುದಾದ ಇಳಿಜಾರಿನ ಒಂದು ಅಗಲವಾದ ಹಲಗೆಯನ್ನು ಹಾಕಿಕೊಡಬೇಕು.